ಡಬ್ಬಿರಾಯರ ಪುರಾತನ ಗೋಡೆ

ಮದುವೆಯಾದ ಹೊಸತರಲ್ಲಿ ಡಬ್ಬಿರಾಯರು ಹೆಂಡತಿಗೆ ಒಂದು ಮಾತು ಕೊಟ್ಟಿದ್ದರು. ಅಡುಗೆಮನೆಯ ಹಿಂದಿನ ಗೋಡೆ ಒಡೆಸಿ, ಸಮುದ್ರ ಕಾಣುವ ಹಾಗೆ ಒಂದು ಕಿಟಕಿ ಇಡಿಸುತ್ತೇನೆ ಎಂಬುದೇ ಆ ಮಾತು.

ಮಾತು ಕೊಡುವಾಗ ಅವರ ಕೈಯಲ್ಲಿ ಬಿಸಿ ಟೀ ಲೋಟವಿತ್ತು, ಎದುರಿಗೆ ಹೊಸ ಹೆಂಡತಿಯಿದ್ದಳು. ಇಂಥ ಹೊತ್ತಿನಲ್ಲಿ ಗಂಡಸಾದವನು ಸಮುದ್ರವನ್ನೇ ಮನೆಯೊಳಕ್ಕೆ ತರಿಸುತ್ತೇನೆ ಎಂದುಬಿಡುವುದುಂಟು. ರಾಯರು ಬರೀ ಕಿಟಕಿ ಎಂದರು. ಆ ಮಟ್ಟಿಗೆ ಅವರು ಸಂಯಮಿಗಳೇ.

"ಸದ್ದು ಕೇಳ್ತದೆ, ಕಾಣಲ್ವಲ್ರೀ," ಎಂದಿದ್ದಳು ಆಕೆ, ಗೋಡೆಗೆ ಕಿವಿಯಿಟ್ಟು. "ಪಕ್ಕದ ಮನೇಲಿ ಮದುವೆ ನಡೀತಾ ಇದೆ, ನಮ್ಮನ್ನ ಮಾತ್ರ ಕರೆದಿಲ್ಲ ಅನ್ನೋ ಹಾಗಿದೆ."

"ಬರೋ ವರ್ಷ ಕಿಟಕಿ ಆಗೇ ಹೋಯ್ತು ಅಂದ್ಕೋ," ಎಂದರು ರಾಯರು.

ರಾಯರು ಪೇಟೆಯ ಬಣ್ಣದಂಗಡಿಯಲ್ಲಿ ಬಣ್ಣ ಕಲಸುವ ಕೆಲಸದವರು. ಗಿರಾಕಿ ಶೇಡ್ ಕಾರ್ಡಿನ ಮೇಲೆ ಬೆರಳಿಟ್ಟು ಇದೇ ಬೇಕು ಎನ್ನುತ್ತಾನೆ. ರಾಯರು ಕಲಸಿ, ಕುಲುಕಿ, ಮುಚ್ಚಳ ಬಡಿದು ಕೊಡುತ್ತಾರೆ. ಗಿರಾಕಿ ಮನೆಗೆ ಹೋಗಿ ಗೋಡೆಗೆ ಒಂದು ಕೈ ಬಳಿದ ಮೇಲೆ ಅವನ ಹೆಂಡತಿ ಮೂಗು ಮುರಿಯುತ್ತಾಳೆ. ಡಬ್ಬಿ ವಾಪಸು ಬರುತ್ತದೆ. ಕಲಸಿದ ಬಣ್ಣವನ್ನು ಬಿಡಿಸುವ ವಿದ್ಯೆಯನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲವಾದ್ದರಿಂದ, ಅಂಗಡಿಯ ಯಜಮಾನ ಅದನ್ನು ರಾಯರ ಕೈಗೇ ಕೊಟ್ಟು, "ನಿಮ್ಮ ಸೃಷ್ಟಿ, ನೀವೇ ಸಾಕ್ಕೊಳ್ಳಿ" ಎನ್ನುತ್ತಾನೆ. ಹೀಗೆ ಸಂಜೆ ಹೊತ್ತು ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದು ಬರುತ್ತಿದ್ದ ಮನುಷ್ಯನಿಗೆ ಬೀದಿಯವರು ಬೇರೆ ಇನ್ನೇನು ಹೆಸರಿಟ್ಟಾರು?

ಪ್ರತಿ ವರ್ಷ ಹೆಂಡತಿ ಕಿಟಕಿಯ ಮಾತು ತೆಗೆಯುವಳು. ಪ್ರತಿ ವರ್ಷ ರಾಯರು ಒಂದು ಡಬ್ಬಿಯ ಮುಚ್ಚಳ ತೆಗೆಯುವರು. "ಈ ಸಲ ಆಗಲ್ಲ ಕಣೇ. ಸದ್ಯಕ್ಕೆ ಈ ನೀಲಿ ಬಳೀತೀನಿ, ಕಣ್ಣು ಅರ್ಧ ಮುಚ್ಕೊಂಡು ನೋಡು, ಥೇಟ್ ಸಮುದ್ರ!" ಮೂಗಿಗೆ ತುಪ್ಪ ಸವರುವವರನ್ನು ಲೋಕ ಕಂಡಿದೆ. ರಾಯರು ಗೋಡೆಗೆ ಸವರಿದರು. ಬ್ಯಾಂಕಿನವರು ಒಲ್ಲೆನೆಂದ ನೀಲಿ, ಆಸ್ಪತ್ರೆಯವರು ಹಿಂದಿರುಗಿಸಿದ ಹಸಿರು, ಹೊಸ ಮದುಮಕ್ಕಳು ಜಗಳವಾಡಿ ಬಿಟ್ಟುಹೋದ ಗುಲಾಬಿ, ಜೈಲಿನವರು ಸಹ "ಕೈದಿಗಳಿಗೆ ಬೇಜಾರಾಗ್ತದೆ" ಎಂದು ವಾಪಸು ಕಳಿಸಿದ ಬೂದು, ಎಲ್ಲವೂ ಒಂದರ ಮೇಲೊಂದು ಆ ಗೋಡೆಯ ಮೇಲೆ ನೆಲೆಸಿದವು. ಗೋಡೆ ದಪ್ಪವಾಗುತ್ತ ಹೋಯಿತು. ಹೆಂಡತಿಯ ತಾಳ್ಮೆ ತೆಳ್ಳಗಾಗುತ್ತ ಬಂತು.

ಕೊನೆಗೆ ಈ ವರ್ಷ ಆಕೆ ಗಂಡನನ್ನು ಕೇಳುವುದನ್ನೇ ಬಿಟ್ಟಳು. ತಾನೇ ಹೋಗಿ ಒಂದು ಹಳೆಯ ಕಿಟಕಿ ಚೌಕಟ್ಟು ತಂದು ಜಗುಲಿಗೆ ಒರಗಿಸಿದಳು. ತಾನೇ ಗಾರೆ ಮೇಸ್ತ್ರಿಯನ್ನು ಗೊತ್ತು ಮಾಡಿದಳು.

"ಸೋಮವಾರ ಬೆಳಿಗ್ಗೆ ಮೇಸ್ತ್ರಿ ಬರ್ತಾನೆ," ಎಂದಳು. "ಅಷ್ಟರೊಳಗೆ ನೀವೇನಾದ್ರೂ ಇನ್ನೊಂದು ಡಬ್ಬಿ ತಂದ್ರೆ, ಗೋಡೆಗೆ ಬಳಿಯಲ್ಲ. ನಿಮಗೇ ಬಳೀತೀನಿ."

ರಾಯರು ಒಪ್ಪಿದರು. ಒಪ್ಪದೆ ಬೇರೆ ದಾರಿಯಿರಲಿಲ್ಲ. ಎಲ್ಲ ಸುಸೂತ್ರವಾಗಿ ನಡೆದುಹೋಗುತ್ತಿತ್ತೇನೋ, ಆ ಸೋಮವಾರಕ್ಕೆ ಮುಂಚೆ ಒಂದು ಭಾನುವಾರ ಇಲ್ಲದಿದ್ದರೆ.

ಭಾನುವಾರ ಷಡ್ಡಕನ ಮನೆ ನೋಡಲು ಹೋಗಬೇಕಿತ್ತು.

ಅಣ್ಣತಮ್ಮಂದಿರು ಆಸ್ತಿಗೆ ಜಗಳವಾಡುತ್ತಾರೆ, ನೆರೆಹೊರೆಯವರು ನೀರಿಗೆ ಜಗಳವಾಡುತ್ತಾರೆ. ಅಕ್ಕತಂಗಿಯರನ್ನು ಮದುವೆಯಾದ ಷಡ್ಡಕರು ಮಾತ್ರ ಜಗಳವಾಡುವುದೇ ಇಲ್ಲ. ಸುಮ್ಮನೆ ಹೋಲಿಸಿ ನೋಡಿಕೊಳ್ಳುತ್ತಾರೆ. ಜಗಳಕ್ಕೆ ಒಂದು ಕೊನೆಯಾದರೂ ಇರುತ್ತದೆ. ರಾಯರ ನಾದಿನಿಯ ಗಂಡ ಬಂದರಿನ ಐಸ್ ಫ್ಯಾಕ್ಟರಿಯ ಒಡೆಯ. ಐಸ್ ಮಾರುವವನನ್ನು ನೋಡಿ ಹೊಟ್ಟೆಯಲ್ಲಿ ಬೆಂಕಿ ಬೀಳುವುದು ಹೇಗೆಂದು ತಿಳಿಯಬೇಕಾದವರು ರಾಯರನ್ನು ಕೇಳಬೇಕು.

ಕಡಲ ದಂಡೆಯಲ್ಲಿ ಹಿಂದಿನ ಕಾಲದ ಸುಂಕದ ಅಧಿಕಾರಿಯ ಬಂಗಲೆಯೊಂದು ಪಾಳು ಬಿದ್ದಿತ್ತು. ಮೇಕೆಗಳು ಮಲಗುವ ಜಾಗ. ಅದನ್ನು ಷಡ್ಡಕ ಕೊಂಡುಕೊಂಡು, ಹಳೇ ಕಟ್ಟಡಗಳ ಇಲಾಖೆಯವರ ಮೇಲ್ವಿಚಾರಣೆಯಲ್ಲಿ ಇದ್ದದ್ದು ಇದ್ದ ಹಾಗೆ ಜೀರ್ಣೋದ್ಧಾರ ಮಾಡಿಸಿ, ರಜೆಗೆ ಬರುವವರು ತಂಗುವ ಮನೆ ಮಾಡಿದ್ದ. ಮೀನು ಒಣಗಿಸುವ ಅಂಗಳ, ದೋಣಿ ರಿಪೇರಿ ಮಾಡುವ ಶೆಡ್ಡು ಎಲ್ಲ ಸುತ್ತಿಬಳಸಿ ರಾಯರ ದಂಪತಿ ಅಲ್ಲಿಗೆ ತಲುಪುವ ಹೊತ್ತಿಗೆ ರಾಯರ ಇಸ್ತ್ರಿಯೆಲ್ಲ ಹೋಗಿತ್ತು.

"ಬನ್ನಿ ಅಣ್ಣಾ, ಬನ್ನಿ ಅತ್ತಿಗೆ," ಎಂದು ಷಡ್ಡಕ ಬಾಗಿಲಲ್ಲೇ ಕೈ ಹಿಡಿದ. "ಹುಷಾರು, ತಲೆ ತಾಗೀತು. ಹಳೇ ಬಾಗಿಲು, ಕಾಯ್ದೆ ಪ್ರಕಾರ ಎತ್ತರಿಸೋ ಹಾಗಿಲ್ಲ."

ರಾಯರ ತಲೆ ತಾಗಿತು.

"ಗೋಡೆಗೆ ಯಾವ ಬಣ್ಣ ಹೊಡೆಸಿದೆ ತಮ್ಮಾ?" ಎಂದು ತಲೆ ತಿಕ್ಕಿಕೊಳ್ಳುತ್ತ ಕೇಳಿದರು. ಬಣ್ಣದಂಗಡಿಯಲ್ಲಿ ತಾನಿರುವಾಗ ಷಡ್ಡಕ ಒಂದು ಡಬ್ಬಿಯನ್ನೂ ಅಲ್ಲಿಂದ ಕೊಂಡಿರಲಿಲ್ಲ ಎಂಬ ಕೊರಗು ಅವರಿಗೆ ಮೊದಲೇ ಇತ್ತು.

"ಬಣ್ಣ? ಅಯ್ಯೋ ಅಣ್ಣಾ, ಇಂಥ ಮನೆಗೆ ಡಬ್ಬಿ ಬಣ್ಣ ಬಳಿದ್ರೆ ಗೋಡೆ ಉಸಿರು ಕಟ್ಟಿ ಸಾಯ್ತದಂತೆ. ಬರೀ ಸುಣ್ಣ!"

ಇಪ್ಪತ್ತು ವರ್ಷಕ್ಕೂ ಮೀರಿದ ವೃತ್ತಿ ಒಂದು ಮಾತಿನಲ್ಲಿ ಗೋಡೆಗಳ ಕೊಲೆಯಾಗಿ ಹೋಯಿತು. ರಾಯರು ಒಳಗೆ ಹೋದರು. ನಡುಮನೆಯಲ್ಲಿ ಅತ್ತೆ ಕೂತಿದ್ದರು. ಇಬ್ಬರು ಅಳಿಯಂದಿರಿಗೂ ಇರುವುದು ಇದೊಂದೇ ಅತ್ತೆ, ಆಕೆ ಇರುವುದು ಚಿಕ್ಕ ಅಳಿಯನ ಮನೆಯಲ್ಲಿ. ಹಿರಿಯ ಅಳಿಯನ ಮನೆಗೆ ಅವರು ಬರುತ್ತಿದ್ದುದು ಹಲ್ಲು ನೋವು ಬಂದಾಗ ಮಾತ್ರ, ಏಕೆಂದರೆ ಹಲ್ಲಿನ ಡಾಕ್ಟರು ಅಲ್ಲಿಗೆ ಹತ್ತಿರ.

ರಾಯರು ಪಕ್ಕದ ಕುರ್ಚಿ ಎಳೆದುಕೊಳ್ಳಲು ಹೋದರು.

"ಅಳಿಯಂದಿರೇ, ಅದರ ಮೇಲೆ ಕೂರಬೇಡಿ! ಅದು ಹಳೇದು."

"ನಾನೂ ಹಳೇ ಅಳಿಯನೇ ಅಲ್ವೇ ಅತ್ತೆ?"

"ನಿಮ್ಮನ್ನ ಯಾರೂ ರಿಪೇರಿ ಮಾಡ್ಸಿಲ್ವಲ್ಲ," ಎಂದರು ಅತ್ತೆ.

ಇಷ್ಟರಲ್ಲಿ ಹೆಂಡತಿ ಕಾಣೆಯಾಗಿದ್ದಳು. ನಾದಿನಿ ಬಂದು ಗುಟ್ಟಾಗಿ, "ಭಾವ, ಅಕ್ಕ ಬಚ್ಚಲುಮನೆ ಹೊಕ್ಕೋಳು ಈಚೆಗೇ ಬರ್ತಾ ಇಲ್ಲ. ಅಲ್ಲಿ ಕಿಟಕೀಲಿ ಸಮುದ್ರ ಕಾಣ್ತದೆ ನೋಡಿ, ಹಾಗೇ ನಿಂತ್ಬಿಟ್ಟಿದಾಳೆ" ಎಂದಳು. ಷಡ್ಡಕನ ಬಚ್ಚಲಿಗೂ ಸಮುದ್ರ! ಸ್ನಾನ ಮಾಡುವವನಿಗೆ ಸಮುದ್ರ ಯಾಕೆ ಬೇಕು? ಅವನ ಹತ್ತಿರ ಬಕೆಟ್ಟಿನ ನೀರಿಲ್ಲವೇ? ರಾಯರ ಹೊಟ್ಟೆಯೊಳಗೆ ಒಂದು ಒಲೆ ಹತ್ತಿಕೊಂಡಿತು.

ಆಗ ಷಡ್ಡಕ ಅವರನ್ನು ಒಂದು ಗೋಡೆಯ ಮುಂದೆ ನಿಲ್ಲಿಸಿದ. ಗೋಡೆಯ ಮೇಲೆ ಗಾಜಿನ ಚೌಕಟ್ಟು, ಅದರ ಮೇಲೊಂದು ಪುಟ್ಟ ದೀಪ. ಗಾಜಿನ ಹಿಂದೆ ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೆರೆದು, ಒಂದರ ಕೆಳಗೊಂದು ಹಳೆಯ ಬಣ್ಣಗಳನ್ನು ತೋರಿಸಿದ್ದರು. ಪಕ್ಕದಲ್ಲಿ ಇಲಾಖೆಯ ಅಧಿಕಾರಿಣಿ ನಿಂತಿದ್ದಳು. ಎಳೆಯ ವಯಸ್ಸು, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ, ಜೇಬಿನಲ್ಲಿ ಕೆರೆಯುವ ಚಾಕು. ಕೆಲಸಕ್ಕೆ ಸೇರಿದ ಮೇಲೆ ಅವಳು ಸ್ವಂತವಾಗಿ ಏನನ್ನೂ ಕಂಡುಹಿಡಿದಿರಲಿಲ್ಲ. ಕಂಡುಹಿಡಿಯತಕ್ಕದ್ದನ್ನೆಲ್ಲ ಮೇಲಿನವರು ಮೊದಲೇ ಕಂಡುಹಿಡಿದು ಮುಗಿಸಿದ್ದರು.

"ಏಳು ಪದರ ಅಣ್ಣಾ!" ಎಂದ ಷಡ್ಡಕ. "ಒಂದೊಂದು ಪದರ ಒಂದೊಂದು ಕಾಲ. ಮೇಡಮ್ ಹೇಳ್ತಾರೆ, ಊರಲ್ಲಿ ಇಷ್ಟು ಪದರ ಇನ್ಯಾವ ಮನೇಲೂ ಇಲ್ಲ ಅಂತ."

"ಹಿಂದಿನ ಕಾಲದಲ್ಲಿ ಒಂದು ಸಲ ಬಳಿದ್ರೆ ಹದಿನೈದು ಇಪ್ಪತ್ತು ವರ್ಷ ಮತ್ತೆ ಮುಟ್ತಾ ಇರಲಿಲ್ಲ," ಎಂದು ಆಕೆ ವಿವರಿಸಿದಳು. "ಪದರ ಎಣಿಸಿದ್ರೆ ಮನೆ ವಯಸ್ಸು ಸಿಕ್ಕಿದ ಹಾಗೆ."

ಅತ್ತೆ ನಿಟ್ಟುಸಿರಿಟ್ಟರು. "ಏಳು ಪದರ! ಪುಣ್ಯ ಬೇಕಪ್ಪಾ."

ಈ 'ಪುಣ್ಯ' ಎಂಬ ಮಾತು ರಾಯರಿಗೆ ಎಲ್ಲಿ ತಾಗಬಾರದೋ ಅಲ್ಲಿ ತಾಗಿತು.

"ಏಳೇನಾ?" ಎಂದುಬಿಟ್ಟರು. "ನಮ್ಮ ಅಡುಗೆಮನೆ ಗೋಡೇಲಿ ಇಪ್ಪತ್ತರ ಮೇಲಿದೆಯಪ್ಪಾ."

ಓದುಗರು ಗಮನಿಸಬೇಕು: ಇದು ಸುಳ್ಳಲ್ಲ. ಸುಳ್ಳಿನಿಂದಾದ ಅನಾಹುತಗಳನ್ನು ಬರೆದಿಟ್ಟವರಿದ್ದಾರೆ. ಹೊಟ್ಟೆಕಿಚ್ಚಿನ ಹೊತ್ತಿನಲ್ಲಿ ಬಾಯಿಂದ ಬಿದ್ದ ನಿಜದಿಂದಾದ ಅನಾಹುತಗಳನ್ನು ಯಾರೂ ಬರೆದಿಟ್ಟಿಲ್ಲ.

ಅಧಿಕಾರಿಣಿ ಬೆರಳು ಮಡಿಸುತ್ತ ಗುಣಿಸಿದಳು. ಎರಡು ಸಲ ಗುಣಿಸಿದಳು. "ಮುನ್ನೂರು... ಸಾರ್, ಮುನ್ನೂರು ವರ್ಷದ ಮೇಲಾಯ್ತು! ಯಾರು ಕಟ್ಟಿಸಿದ ಮನೆ ಸಾರ್ ಅದು?"

"ನಾನು ಬರೋಕೆ ಮುಂಚೇನೇ ಇತ್ತು," ಎಂದರು ರಾಯರು. ಇದೂ ನಿಜವೇ.

ಷಡ್ಡಕನ ಮುಖ ಅವನ ಫ್ಯಾಕ್ಟರಿಯ ಮಾಲಿನ ಹಾಗೆ ಬೆಳ್ಳಗಾಯಿತು. ಅದನ್ನು ನೋಡಿದ ರಾಯರಿಗೆ ಆ ಸಂಜೆ ಮನೆಗೆ ನಡೆದುಬಂದದ್ದೇ ನೆನಪಿಲ್ಲ. ತೇಲಿಕೊಂಡು ಬಂದರು.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ಬಂದ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದ. ಹೆಂಡತಿ ಒಲೆಯನ್ನು ಬದಿಗೆ ಸರಿಸಿ, ಪಾತ್ರೆಗಳಿಗೆ ಹಳೇ ಸೀರೆ ಹೊದಿಸಿ, ಸೆರಗು ಸಿಕ್ಕಿಸಿಕೊಂಡು ನಿಂತಳು. ಮೇಸ್ತ್ರಿ ಉಳಿಯಿಟ್ಟು ಸುತ್ತಿಗೆ ಎತ್ತಿದ.

"ನಿಲ್ಸೀ!"

ಬಾಗಿಲಲ್ಲಿ ಅಧಿಕಾರಿಣಿ ಏದುಸಿರು ಬಿಡುತ್ತ ನಿಂತಿದ್ದಳು. ಹಿಂದೆ ಇಬ್ಬರು ಜವಾನರು, ಅವರ ಹಿಂದೆ, ಜವಾನರು ಬಂದರೆಂದರೆ ಏನೋ ಇದೆ ಎಂದು ಬಲ್ಲ ಇಡೀ ಬೀದಿ. ಮೇಸ್ತ್ರಿಯ ಸುತ್ತಿಗೆ ಮೇಲೆಯೇ ನಿಂತಿತು. ಅದನ್ನು ಇಳಿಸಬೇಕೋ ಬೇಡವೋ ಎಂದು ಯಾರೂ ಅವನಿಗೆ ಹೇಳಲಿಲ್ಲ.

ಆಕೆ ಚಾಕು ತೆಗೆದು ಗೋಡೆಯ ಮೂಲೆಯಲ್ಲಿ ಮೆಲ್ಲಗೆ ಕೆರೆಯತೊಡಗಿದಳು. ಕೆನೆ ಬಣ್ಣ ಹೋಯಿತು. ಕೆಳಗೆ ನೀಲಿ.

"ಹಡಗಿನ ವ್ಯಾಪಾರದ ಕಾಲ!" ಎಂದಳು ಉಸಿರು ಬಿಗಿಹಿಡಿದು.

ಬ್ಯಾಂಕಿನವರದು, ಎಂದುಕೊಂಡರು ರಾಯರು ಮನಸ್ಸಿನಲ್ಲಿ.

ಕೆಳಗೆ ಹಸಿರು. "ಇದು ರೋಗರುಜಿನದ ಕಾಲ. ಹಸಿರು ಬಳಿದ್ರೆ ಕಾಯಿಲೆ ಹತ್ರ ಬರಲ್ಲ ಅಂತ ನಂಬ್ತಿದ್ರು." ಆಸ್ಪತ್ರೆಯವರದಾದ್ದರಿಂದ ಇದು ಪೂರ್ತಿ ತಪ್ಪೆಂದು ಹೇಳುವಂತಿರಲಿಲ್ಲ. ಅದರ ಕೆಳಗೆ ಗುಲಾಬಿ. "ಐಷಾರಾಮ! ಯಾರೋ ಶ್ರೀಮಂತರು ವಾಸವಾಗಿದ್ರು." ಅದರ ಕೆಳಗೆ ಬೂದು ಬಂದಾಗ ಆಕೆಯ ದನಿ ತಗ್ಗಿತು. "ಏನೋ ದೊಡ್ಡ ದುಃಖ ಆಗಿದೆ ಈ ಮನೇಲಿ."

ಬೀದಿಯವರು ತಲೆ ತಗ್ಗಿಸಿದರು. ಒಬ್ಬ ಅಜ್ಜಿ ಕಣ್ಣೊರೆಸಿಕೊಂಡಳು.

ಭೂತಗನ್ನಡಿಗೆ ಪದರ ಕಾಣುತ್ತಿತ್ತು, ಡಬ್ಬಿ ಕಾಣುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಡೀ ಅಡುಗೆಮನೆಗೆ ಕೆಂಪು ಬಿಳಿ ಪಟ್ಟಿ ಕಟ್ಟಿ, 'ಸಂರಕ್ಷಿತ ಗೋಡೆ, ಮುಟ್ಟಬಾರದು' ಎಂದು ಚೀಟಿ ಅಂಟಿಸಿ, ಹೊಗೆ ತಾಗಬಾರದೆಂದು ಒಲೆಯನ್ನು ಹೊರಗೆ ಹಾಕಿಸಿದರು. ಮೇಸ್ತ್ರಿ ಸುತ್ತಿಗೆ ಇಳಿಸಿ, ತೋಳು ನೀವಿಕೊಳ್ಳುತ್ತ ಹೋದ. ಹೆಂಡತಿ ಜಗುಲಿಯಲ್ಲಿ ಒಲೆ ಹೂಡಿ, ಕಿಟಕಿಯಿಲ್ಲದ ಕಿಟಕಿ ಚೌಕಟ್ಟಿಗೆ ಒರಗಿ ಕೂತಳು.

"ರೀ," ಎಂದಳು, "ಆ ಮೇಡಮ್ಮಿಗೆ ಡಬ್ಬಿ ವಿಷಯ ಹೇಳಿ."

"ಹೇಳ್ತೀನಿ ಕಣೇ."

"ಯಾವಾಗ?"

ರಾಯರು ಅತ್ತಿತ್ತ ನೋಡಿದರು. "ಷಡ್ಡಕ ಒಂದು ಸಲ ಬಂದು ನೋಡ್ಕೊಂಡು ಹೋಗ್ಲಿ. ಒಂದೇ ಒಂದು ಸಲ. ಆಮೇಲೆ ಹೇಳ್ತೀನಿ."

ಹೆಂಡತಿ ಅವರನ್ನು ದಿಟ್ಟಿಸಿದಳು. ಆಮೇಲೆ ಒಗ್ಗರಣೆ ಸೌಟನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದಳು.

ಸುದ್ದಿ ಮೊದಲು ಹೊತ್ತಿಸಿದ್ದು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರನ್ನು.

"ಏನ್ರೀ ಡಬ್ಬಿರಾಯರೇ," ಎಂದು ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. "ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಇರೋದು ಒಂದೇ ಗೋಡೆ. ನಿಮ್ಮ ಕಡೆ ಮುಖ ಮುನ್ನೂರು ವರ್ಷದ್ದು, ನಮ್ಮ ಕಡೆ ಮುಖ ನಿನ್ನೆ ಹುಟ್ಟಿದ್ದೋ?"

"ಅದು ಬದೀ ಗೋಡೆ ಸಾರ್. ಇದು ಹಿಂದಿನ ಗೋಡೆ."

"ಗೋಡೆ ಗೋಡೆಗೂ ನಂಟು ಇರ್ತದಲ್ರೀ! ಮೂಲೇಲಿ ಸೇರಲ್ವೇ? ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದೋನು ನಾನು, ಇತಿಹಾಸ ಬಂದಿದ್ದು ನಿಮ್ಮನೆಗಾ?"

ಮಾರನೆಯ ದಿನ ಅವರ ಗೇಟಿನ ಮೇಲೆ ಬಾಣದ ಗುರುತಿನ ಹಲಗೆ ಬಂತು: 'ಪುರಾತನ ಗೋಡೆಯ ಪಕ್ಕದ ಮನೆ.' ಎದುರು ಮನೆಯವರು ತಮ್ಮ ಕಟ್ಟೆಯನ್ನು ಉಗುರಿನಿಂದ ಕೆರೆದು ನೋಡಿ, ಎರಡೇ ಪದರ ಸಿಕ್ಕಿದ್ದಕ್ಕೆ ಅಪ್ಪನನ್ನು ಬೈದುಕೊಂಡರು. ಗೋಡೆ ನೋಡಲು ಬರುವವರ ಸಾಲು ಜಗುಲಿಯ ಒಲೆಯನ್ನು ದಾಟಿಕೊಂಡೇ ಒಳಗೆ ಹೋಗಬೇಕಿತ್ತು. ಹೋಗುವವರೆಲ್ಲ ಹೆಂಡತಿಗೆ, "ಅಬ್ಬಾ, ಎಂಥ ಮನೇಲಿ ಇದೀರಮ್ಮಾ! ಒಂದ್ಲೋಟ ನೀರು ಕೊಡಿ" ಎನ್ನುತ್ತಿದ್ದರು.

ಷಡ್ಡಕ ಬಂದ. ರಾಯರು ಇಷ್ಟು ವರ್ಷ ಕಾದಿದ್ದ ಗಳಿಗೆ ಇದೇ. ಅವನು ಪಟ್ಟಿಯ ಈಚೆ ನಿಂತು, ಬೆರಳು ತೋರಿಸುತ್ತ ಪದರಗಳನ್ನು ಎಣಿಸಿದ. ತುಟಿ ಅಲ್ಲಾಡುತ್ತಿತ್ತು. ಕೊನೆಯವರೆಗೂ ಹೋಗದೆ ನಡುವೆಯೇ ನಿಲ್ಲಿಸಿದ.

"ಇಷ್ಟು ದಿನ ಹೇಳಲೇ ಇಲ್ವಲ್ಲ ಅಣ್ಣಾ."

"ಹೇಳ್ಕೊಳ್ಳೋದೇನಿದೆ ತಮ್ಮಾ," ಎಂದರು ರಾಯರು, ಮೀಸೆಯಿಲ್ಲದ ಕಡೆ ಮೀಸೆ ತಿರುವುತ್ತ. "ಇತ್ತು, ಇದ್ವಿ."

"ನನ್ನ ಬಂಗಲೆಗೆ ಬಂದ ಅತಿಥಿಗಳು, ಊರಲ್ಲಿ ಎಲ್ಲಕ್ಕಿಂತ ಹಳೇ ಮನೆ ಇದೇ ಏನ್ರೀ ಅಂತ ಕೇಳ್ತಾರೆ. ಆ ಮೇಡಮ್ಮು ಅಲ್ಲೇ ನಿಂತು, 'ಅಲ್ಲ, ಇದು ಎರಡನೇದು' ಅಂತಾಳೆ. ನಿನ್ನೆ ಎರಡು ಸಂಸಾರ ಕೋಣೆ ಬೇಡ ಅಂತ ಹೋದ್ವು."

"ಛೆ ಛೆ," ಎಂದರು ರಾಯರು. ಇಷ್ಟು ಸಿಹಿಯಾದ 'ಛೆ ಛೆ'ಯನ್ನು ಅವರು ಜನ್ಮದಲ್ಲಿ ಅಂದಿರಲಿಲ್ಲ.

ಷಡ್ಡಕ ಬಂದು ನೋಡಿಕೊಂಡು ಹೋದದ್ದಾಯಿತು. ಹೆಂಡತಿ ಒಲೆಯ ಮುಂದಿನಿಂದಲೇ ಕೇಳಿದಳು: "ಈಗ ಹೇಳ್ತೀರಾ?"

ರಾಯರು ಅಂಗಿಯ ಗುಂಡಿ ಹಾಕಿಕೊಂಡರು. ಹೇಳುವವರೇ ಇದ್ದರು. ಖಂಡಿತ ಹೇಳುವವರಿದ್ದರು. ಆದರೆ ಅದೇ ಹೊತ್ತಿಗೆ ಬಾಗಿಲಲ್ಲಿ ಒಂದು ಟ್ರಂಕು ಇಳಿಯಿತು, ಅದರ ಹಿಂದೆ ಅತ್ತೆ ಇಳಿದರು.

"ಹಲ್ಲು ನೋವಾ ಅಮ್ಮಾ?" ಎಂದಳು ಮಗಳು.

"ಹಲ್ಲೆಲ್ಲ ಗಟ್ಟಿಯಾಗಿದೆ. ಇನ್ನು ಇಲ್ಲೇ ಇರ್ತೀನಿ. ನಮ್ಮ ಬೀದಿ ಹೆಂಗಸ್ರೆಲ್ಲ, ನಿಮ್ಮ ದೊಡ್ಡಳಿಯ ಅರಮನೇಲಿದ್ದು ಬಾಯೇ ಬಿಟ್ಟಿಲ್ವಲ್ಲಾ ಅಂತಾರೆ." ಅತ್ತೆ ರಾಯರ ಕಡೆ ತಿರುಗಿ, ಮದುವೆಯಾದಾಗಿನಿಂದ ಮೊದಲ ಸಲ ನಕ್ಕರು. "ಗಂಭೀರ ಮನುಷ್ಯ. ತುಂಬಿದ ಕೊಡ. ಚಿಕ್ಕೋನು ಏಳು ಪದರಕ್ಕೇ ದೀಪ ಹಾಕ್ಸಿದ."

ರಾಯರು ಹಾಕಿಕೊಂಡ ಗುಂಡಿಯನ್ನು ಬಿಚ್ಚಿದರು. ಹೊಗಳಿಕೆ ಎಂಬುದು ಬೆಲ್ಲದ ಹಾಗೆ, ಬಾಯಿಗೆ ಹಾಕಿಕೊಂಡವನು ಮಾತಾಡಲಾರ.

ಆದರೆ ಹೊಟ್ಟೆಕಿಚ್ಚು ಒಂದೇ ಮನೆಯಲ್ಲಿ ಬಾಡಿಗೆಗೆ ಇರುವ ಪ್ರಾಣಿಯಲ್ಲ. ಈಗ ಅದು ಕಡಲ ದಂಡೆಯ ಬಂಗಲೆಗೆ ಹೋಗಿ, ಸಮುದ್ರ ಕಾಣುವ ಕೋಣೆಯನ್ನೇ ಹಿಡಿದು ಮಲಗಿತು. ಷಡ್ಡಕ ನೆಟ್ಟಗೆ ಇಲಾಖೆಯ ದೊಡ್ಡ ಸಾಹೇಬರಲ್ಲಿಗೆ ಹೋದ. ಸಣ್ಣ ಅಧಿಕಾರಿಯ ಮಾತಿನ ಮೇಲೆ ನಿಲ್ಲಬಾರದು, ಬಣ್ಣ ಹೊರಗಿನದು, ಗೋಡೆಯ ಹೊಟ್ಟೆಯೊಳಗೆ ಏನಿದೆಯೆಂದು ಒಡೆದೇ ನೋಡಬೇಕು ಎಂದು ಹಟ ಹಿಡಿದ. ತನ್ನ ಮನೆಯ ಗೋಡೆಯನ್ನು ಹಾಗೆ ಒಡೆದು ನೋಡಿಯೇ ತಾನೇ ಇಲಾಖೆ ಒಪ್ಪಿದ್ದು? ನ್ಯಾಯ ಎಲ್ಲರಿಗೂ ಒಂದೇ ಇರಲಿ!

ದೊಡ್ಡ ಸಾಹೇಬರು ಬಂದರು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ಮೌನ. ಅವರ ಹಿಂದೆ ಅಧಿಕಾರಿಣಿ, ಷಡ್ಡಕ, ನಾದಿನಿ, ಹೆಡ್‌ಮಾಸ್ತರರು, ಬೀದಿ. ಗೋಡೆ ಒಡೆಯುವ ಕೆಲಸಕ್ಕೆ ಊರಲ್ಲಿ ಸಿಕ್ಕಿದವನು ಅದೇ ಮೇಸ್ತ್ರಿ. ಅವನು ಬಂದು ತಾನೇ ಹಿಂದೆ ಬರೆದಿದ್ದ ಸೀಮೆಸುಣ್ಣದ ಚೌಕ ನೋಡಿ, "ಇಲ್ಲೇ ಒಡೀಲಾ?" ಎಂದ. ಸಾಹೇಬರು ತಲೆಯಾಡಿಸಿದರು.

ಹೆಂಡತಿ ಜನರ ನಡುವಿನಿಂದ ಬಂದು ರಾಯರ ಪಕ್ಕ ನಿಂತಳು. ಕೊನೆಯ ಸಲ ಕೇಳುವವಳ ಹಾಗೆ ಮೆಲ್ಲಗೆ ಕೇಳಿದಳು: "ನೀವಾಗೇ ಹೇಳಿದ್ರೆ ಮರ್ಯಾದೆ. ಹೇಳ್ತೀರಾ?"

ರಾಯರು ಬಾಯಿ ತೆರೆದರು. ಎಡಕ್ಕೆ ಅತ್ತೆ, ಹೆಮ್ಮೆಯಿಂದ ಊರಿಗೆಲ್ಲ "ನಮ್ಮ ದೊಡ್ಡಳಿಯಂದಿರು" ಎಂದು ತೋರಿಸುತ್ತಿದ್ದರು. ಬಲಕ್ಕೆ ಷಡ್ಡಕ, ಗೋಡೆಯನ್ನು ಶತ್ರುವಿನ ಹಾಗೆ ನೋಡುತ್ತಿದ್ದ. ಅತ್ತ ದರಿ, ಇತ್ತ ಪುಲಿ, ಪಕ್ಕದಲ್ಲಿ ಹೆಂಡತಿ. ತೆರೆದ ಬಾಯಿಯಿಂದ ರಾಯರು ಒಂದು ಆಕಳಿಕೆ ತೆಗೆದು ಮುಚ್ಚಿದರು.

ಸುತ್ತಿಗೆ ಬಿತ್ತು.

ಬಣ್ಣದ ಪದರಗಳು ಹೋಳು ಹೋಳಾಗಿ ಉದುರಿದವು. ಒಂದೆರಡು ಇಟ್ಟಿಗೆ ಬಂತು. ಮೇಸ್ತ್ರಿ ಸಂದಿಯೊಳಗೆ ಕೈ ಹಾಕಿ, ಹುಬ್ಬು ಗಂಟಿಕ್ಕಿ, ಏನನ್ನೋ ಎಳೆದ. ಅರ್ಧ ಸಿಮೆಂಟ್ ಚೀಲ. ಮತ್ತೆ ಕೈ ಹಾಕಿದ. ಪ್ಲಾಸ್ಟಿಕ್ ಬಾಚಣಿಗೆ. ಮೂರನೆಯ ಸಲ, ಕಟ್ಟಿದ ಕಂಟ್ರಾಕ್ಟರನು ಇಟ್ಟಿಗೆ ಉಳಿಸಲು ಎಷ್ಟು ಪಾಡು ಪಟ್ಟಿದ್ದನೆಂಬುದಕ್ಕೆ ಸಾಕ್ಷಿಯಾಗಿ, ಒಂದು ರಬ್ಬರ್ ಚಪ್ಪಲಿ ಹೊರಬಂತು.

ದೊಡ್ಡ ಸಾಹೇಬರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಬಂದಾಗಿನಿಂದ ಅವರಾಡಿದ ಮೊದಲ ಮಾತು ಇದು:

"ಮೇಡಮ್, ಇದು ಯಾವ ಕಾಲದ್ದು?"

"ಎಡಗಾಲಿಂದು ಸಾರ್," ಎಂದ ಮೇಸ್ತ್ರಿ, ಆಕೆಗೆ ಉಪಕಾರವಾಗಲೆಂದು.

ಯಾರೂ ನಗಲಿಲ್ಲ. ಇನ್ನೇನು ನಗುತ್ತಾರೆ ಎಂಬ ಆ ಗಳಿಗೆಯಲ್ಲಿ ಹೆಂಡತಿ ಮುಂದೆ ಬಂದಳು. ಪಟ್ಟಿಯನ್ನು ಕೈಯಿಂದ ಎತ್ತಿ, ಒಡೆದ ಅಂಚಿನ ಪದರಗಳ ಮೇಲೆ ಬೆರಳಿಟ್ಟಳು.

"ಇದು ಇತಿಹಾಸ ಅಲ್ಲ ಸಾರ್. ಇವೆಲ್ಲ ಇವರ ಸಬೂಬುಗಳು. ಪ್ರತಿ ವರ್ಷ ನಾನು ಇಲ್ಲಿ ಕಿಟಕಿ ಕೇಳೋದು, ಪ್ರತಿ ವರ್ಷ ಇವರು ಅಂಗಡಿಗೆ ವಾಪಸು ಬಂದ ಡಬ್ಬಿ ತಂದು ಬಳಿಯೋದು. ಈ ನೀಲಿ ಇದೆಯಲ್ಲ, 'ಮಳೆಗಾಲ ಮುಗೀಲಿ ಕಣೇ.' ಈ ಹಸಿರು, 'ಒಳ್ಳೇ ಮೇಸ್ತ್ರಿ ಸಿಗ್ತಾ ಇಲ್ಲ.' ಈ ಗುಲಾಬಿ, 'ನಿಮ್ಮಮ್ಮನಿಗೆ ಹಲ್ಲು ನೋವು, ಧೂಳಾಗ್ತದೆ.'"

"ನನ್ನ ಹಲ್ಲಿನ ಮೇಲೂ ಹಾಕಿದ್ರಾ!" ಎಂದರು ಅತ್ತೆ.

ಹೆಂಡತಿಯ ಬೆರಳು ಬೂದು ಬಣ್ಣದ ಮೇಲೆ ನಿಂತಿತು. "ಈ ಬೂದು ಬಂದ ವರ್ಷ ಮಾತ್ರ ನಾನು ಕೇಳಿರಲೇ ಇಲ್ಲ. ಆದ್ರೂ ಬಳಿದ್ರು. ಅಭ್ಯಾಸ ಆಗಿತ್ತಲ್ಲ."

ಈಗ ಬೀದಿ ನಕ್ಕಿತು. ಹೆಡ್‌ಮಾಸ್ತರರು ನಗುತ್ತಲೇ ಓಡಿಹೋಗಿ ಗೇಟಿನ ಹಲಗೆ ಕಿತ್ತರು. ಅಧಿಕಾರಿಣಿ ಭೂತಗನ್ನಡಿಯನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡಳು. ರಾಯರು ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ಷಡ್ಡಕ ನಗಬಹುದಿತ್ತು, ನಕ್ಕಿದ್ದರೆ ರಾಯರು ಕ್ಷಮಿಸಿಬಿಡುತ್ತಿದ್ದರು. ಅವನು ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟು, "ಮನಸ್ಸಿಗೆ ಹಚ್ಕೋಬೇಡಿ ಅಣ್ಣಾ, ಯಾರಿಗಾದ್ರೂ ಆಗ್ತದೆ" ಎಂದ. ಇದಕ್ಕೆ ಜಗತ್ತಿನಲ್ಲಿ ಮದ್ದಿಲ್ಲ. ಅತ್ತೆಯ ಟ್ರಂಕು ಆಗಲೇ ಬಾಗಿಲ ಕಡೆ ಹೊರಟಿತ್ತು.

"ಇಲಾಖೆ ಒಡೆದ ಗೋಡೆಯನ್ನ ಇದ್ದ ಹಾಗೇ ಮುಚ್ಚಿಕೊಡಬೇಕು," ಎಂದರು ದೊಡ್ಡ ಸಾಹೇಬರು. "ಅದು ನಿಯಮ. ಮೇಸ್ತ್ರೀ, ಮುಚ್ಚಪ್ಪಾ."

"ಮುಚ್ಚಿ ನೋಡೋಣ," ಎಂದಳು ಹೆಂಡತಿ.

ಒಡೆದ ಚೌಕದ ಅಂಚಿನ ಮೇಲೆ ಹತ್ತಿ ಕೂತಳು, ಒಂದು ಕಾಲು ಅಡುಗೆಮನೆಯಲ್ಲಿ, ಒಂದು ಕಾಲು ಹೊರಗೆ. ಧೂಳು ಮೆತ್ತಿದ ಸೆರಗು ಹೊರಗಿನ ಗಾಳಿಗೆ ಹಾರುತ್ತಿತ್ತು. ದೊಡ್ಡ ಸಾಹೇಬರು ನಿಯಮವನ್ನು ಒಂದು ಸಲ ನೋಡಿದರು, ಆಕೆಯನ್ನು ಒಂದು ಸಲ ನೋಡಿದರು. ಕೋಟೆಗಳನ್ನು ಬಹಳ ಕಂಡವರು, ಯಾವುದನ್ನು ಹಿಡಿಯಲಾಗದು ಎಂಬುದು ಅವರಿಗೆ ಗೊತ್ತಿತ್ತು. ಚಪ್ಪಲಿಯನ್ನು ಮೆಲ್ಲಗೆ ನೆಲಕ್ಕಿಟ್ಟು ಹ್ಯಾಟು ಹಾಕಿಕೊಂಡರು.

"ಮೇಸ್ತ್ರೀ," ಎಂದಳು ಆಕೆ, "ಜಗುಲೀಲಿ ಚೌಕಟ್ಟಿದೆ, ತಗೊಂಡ್ಬಾ."

ಸಂಜೆಯ ಹೊತ್ತಿಗೆ ಚೌಕಟ್ಟು ಕೂತಿತು. ಹಸಿ ಗಾರೆಯ ವಾಸನೆ, ಒಲೆ ಮತ್ತೆ ಒಳಗೆ, ಪಾತ್ರೆಗಳ ಮೇಲಿನ ಹಳೇ ಸೀರೆ ಬಿಚ್ಚಿತ್ತು. ರಾಯರು ಜಗುಲಿಯ ಮೂಲೆಯಲ್ಲಿ, ಇಡೀ ಬೀದಿಗೆ ಬೆನ್ನು ಮಾಡಿ ಕೂತಿದ್ದರು.

"ಬನ್ರೀ ಇಲ್ಲಿ," ಎಂದು ಹೆಂಡತಿ ಕರೆದಳು. ಬೆಳಗಿನ ಸಿಟ್ಟು ಆ ದನಿಯಲ್ಲಿ ಇರಲಿಲ್ಲ. ಅವಳು ಕಿಟಕಿಗೆ ಎರಡು ಮೊಣಕೈ ಊರಿ ನಿಂತಿದ್ದಳು. "ನೋಡಿ. ಅಲ್ಲಿ. ಹೊಳೀತಾ ಇದೆ ನೋಡಿ."

ರಾಯರು ಬಂದು ಅವಳ ಹೆಗಲ ಮೇಲಿಂದ ನೋಡಿದರು.

ಸುತ್ತಿಬಳಸಿ ಹೋಗುವಾಗ ದೂರವೆನಿಸುತ್ತಿದ್ದದ್ದು ನೇರವಾಗಿ ನೋಡಿದರೆ ಕೂಗಳತೆಯಲ್ಲಿತ್ತು. ಕಿಟಕಿಯ ನಟ್ಟನಡುವೆ, ಅಳತೆ ಕೊಟ್ಟು ಮಾಡಿಸಿದ ಹಾಗೆ, ಷಡ್ಡಕನ ಬಂಗಲೆ ನಿಂತಿತ್ತು. ಸುಣ್ಣ ಬಳಿದ ಗೋಡೆ ಸಂಜೆ ಬಿಸಿಲಿಗೆ ಹೊನ್ನಾಗಿತ್ತು. ಕಿಟಕಿಗಳು ಸಾಲಾಗಿ ಮಿನುಗುತ್ತಿದ್ದವು. ಮಹಡಿಯ ಮೇಲೆ ಅತ್ತೆ, ಯಾರೂ ಕೂರಬಾರದ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು. ಪಕ್ಕದಲ್ಲಿ ಷಡ್ಡಕ. ಹೊಸ ಕಿಟಕಿಯಲ್ಲಿ ಎರಡು ತಲೆ ಕಂಡದ್ದೇ ಅವನು ಎದ್ದು ನಿಂತು ಸಂತೋಷದಿಂದ ಕೈಬೀಸಿದ. ಬಂಗಲೆಯ ಎಡಗಡೆ, ಗೋಡೆಗೂ ಚೌಕಟ್ಟಿಗೂ ನಡುವೆ, ಒಂದು ಗೇಣಿನಷ್ಟು ಸಮುದ್ರವಿತ್ತು.

"ಕಂಡ್ತಾ?" ಎಂದಳು ಹೆಂಡತಿ, ಆ ಗೇಣಿನಿಂದ ಕಣ್ಣು ತೆಗೆಯದೆ.

"ಕಂಡ್ತು," ಎಂದರು ರಾಯರು.

ಏನು ಕಂಡಿತೆಂದು ಹೇಳಲಿಲ್ಲ. ಷಡ್ಡಕ ಇನ್ನೂ ಕೈಬೀಸುತ್ತಲೇ ಇದ್ದ. ವಿಧಿಯಿಲ್ಲದೆ ಅವರೂ ಕೈಯೆತ್ತಿ ಬೀಸಿದರು.

ಡಬ್ಬಿರಾಯರು ಹೆಂಡತಿಗೆ ಕೊಟ್ಟ ಮಾತು ನಡೆಯಿತು.